7,200 ಡಾಲರ್ ಪ್ಯಾಕೇಜು, 2.97 ಜಿಪಿಎ

ಕಂಪನಿ ಹೆಸರು ಬರೆಯುವುದಿಲ್ಲ. ದುಡ್ಡು ವಾಪಸ್ ಕೇಳುವಾಗ ಆದ ಕಿರಿಕಿರಿಯೇ ಸಾಕಾಗಿದೆ, ಇನ್ನೊಂದು ಬೇಡ. ಆದರೆ ಡಲ್ಲಾಸ್ ಸುತ್ತಮುತ್ತಲಿನ ನಮ್ಮ ಕನ್ನಡದವರಲ್ಲಿ ಈ ವರ್ಷ ಮೂರು ಮನೆಯವರು ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದರು. "ಮಗೂದು ಜಿಪಿಎ ಕಡಿಮೆ ಇದೆ, ಮೆಡಿಕಲ್ ಸ್ಕೂಲಿಗೆ ಹಾಕ್ಬೇಕು ಅಂತಿದಾನೆ, ನೀವು ಯಾರೋ ಕನ್ಸಲ್ಟೆಂಟ್ ಇಟ್ಕೊಂಡಿದ್ರಂತಲ್ಲ, ಉಪಯೋಗ ಆಯ್ತಾ?" ಮೂರು ಸಲ ಹೇಳಿ ಬಾಯಿ ನೋಯಿಸಿಕೊಳ್ಳುವ ಬದಲು ಒಂದು ಸಲ ಬರೆದುಬಿಡುತ್ತೇನೆ. ನಾವು ಇಬ್ಬರಿಗೆ ದುಡ್ಡು ಕೊಟ್ಟಿದ್ದೇವೆ. ಒಬ್ಬರು ಕಂಪನಿ, ಪ್ಯಾಕೇಜ್ 7,200 ಡಾಲರ್. ಇನ್ನೊಬ್ಬರು ನಿವೃತ್ತಿಯಾದ ಒಬ್ಬ ಮೇಡಂ, ಗಂಟೆಗೆ 200. ಇದು ಇಬ್ಬರ ರಿವ್ಯೂ.

ಊರಲ್ಲಿ ಕೂತು ಓದುವವರಿಗೆ ಸ್ವಲ್ಪ ಹಿನ್ನೆಲೆ. ಇಲ್ಲಿ ಪಿಯುಸಿ ಮುಗಿಸಿ ನೀಟ್ ಬರೆದು ಸೀದಾ ಎಂಬಿಬಿಎಸ್‌ಗೆ ಹೋದ ಹಾಗಲ್ಲ. ಮೊದಲು ನಾಲ್ಕು ವರ್ಷದ ಡಿಗ್ರಿ. ಆಮೇಲೆ ಎಂಕ್ಯಾಟ್ ಅನ್ನೋ ಪರೀಕ್ಷೆ, ಅದಾದ ಮೇಲೆ ಅರ್ಜಿ, ಪ್ರಬಂಧ, ಇಂಟರ್ವ್ಯೂ. ಡಿಗ್ರಿಯ ಎಲ್ಲಾ ಗ್ರೇಡು ಸೇರಿಸಿ 4ಕ್ಕೆ ಸರಾಸರಿ ತೆಗೆದರೆ ಅದೇ ಜಿಪಿಎ. 2023ರಲ್ಲಿ ಎಂಡಿ (ಊರಿನ ಎಂಬಿಬಿಎಸ್ ಇದ್ದ ಹಾಗೆ ಅನ್ನಿ) ಕಾಲೇಜುಗಳಿಗೆ ಸೇರಿದವರ ಸರಾಸರಿ ಜಿಪಿಎ 3.77. ಆ ಬ್ಯಾಚಿಗೆ ಅರ್ಜಿ ಹಾಕಿದವರು 52 ಸಾವಿರಕ್ಕೂ ಜಾಸ್ತಿ, ಸೇರಿದವರು 23 ಸಾವಿರದ ಹತ್ತಿರ. ನನ್ನ ಮಗ ಹಾಕಿದ್ದೂ ಅದೇ ಬ್ಯಾಚಿಗೆ. ಅವನ ಜಿಪಿಎ 2.97.

ಹೇಗಾಯಿತು ಅಂದರೆ, ಹೇಳೋದಕ್ಕೆ ದೊಡ್ಡ ಕಥೆ ಏನೂ ಇಲ್ಲ. ಎರಡನೇ ವರ್ಷ ಕೆಟ್ಟಿತು. ಆರ್ಗ್ಯಾನಿಕ್ ಕೆಮಿಸ್ಟ್ರಿ ಸಿ, ಫಿಸಿಕ್ಸ್ ಡಿ. ಕೋವಿಡ್ ಮೇಲೆ ಹಾಕೋಣ ಅಂದರೆ ಅದು ಬರುವ ಮುಂಚೆಯೇ ಕೆಟ್ಟಿತ್ತು. ರೂಮ್‌ಮೇಟ್‌ಗಳು, ರಾತ್ರಿಯೆಲ್ಲಾ ಗೇಮು, ಮಧ್ಯಾಹ್ನ ಏಳೋದು, ನಮಗೆ ಫೋನಲ್ಲಿ "ಎಲ್ಲಾ ಚೆನ್ನಾಗಿದೆ ಅಮ್ಮಾ". ಕೊನೆಯ ವರ್ಷ ಸುಧಾರಿಸಿಕೊಂಡ, ಆದರೆ ಜಿಪಿಎ ಅನ್ನೋದು ಹಳೆ ಸಾಲದ ಹಾಗೆ, ತೀರೋದೇ ಇಲ್ಲ. 2021ರಲ್ಲಿ ಡಿಗ್ರಿ ಮುಗಿದ ಮೇಲೆ ಎಮರ್ಜೆನ್ಸಿ ರೂಮಿನಲ್ಲಿ ಸ್ಕ್ರೈಬ್ ಆಗಿ ಸೇರಿದ. ಡಾಕ್ಟರ್ ಹಿಂದೆ ಓಡಾಡಿಕೊಂಡು ಅವರು ಹೇಳಿದ್ದನ್ನೆಲ್ಲಾ ಕಂಪ್ಯೂಟರಿಗೆ ಹಾಕುವ ಕೆಲಸ. ಮೂರು ತಿಂಗಳಾದ ಮೇಲೆ ಒಂದು ರಾತ್ರಿ ಊಟಕ್ಕೆ ಕೂತಾಗ ಡಾಕ್ಟರೇ ಆಗಬೇಕು ಅಂದ. ಅವತ್ತೇ ಟ್ರಾನ್ಸ್‌ಕ್ರಿಪ್ಟ್, ಅಂದರೆ ಕಾಲೇಜಿನ ಗ್ರೇಡು ಪಟ್ಟಿ, ತೋರಿಸಿದ್ದೂ. ನಮ್ಮನೆಯವರು ಚಪಾತಿ ಅರ್ಧಕ್ಕೇ ಬಿಟ್ಟು ಎದ್ದು ಹೋದರು.

ದಾವಣಗೆರೆಯಿಂದ ಅಣ್ಣ ಫೋನ್ ಮಾಡಿ "ಇಲ್ಲಿಗೆ ಕಳ್ಸು, ಹೆಂಗೋ ಒಂದು ಸೀಟು ಮಾಡ್ಸೋಣ" ಅಂದ. ಈಗ ಮ್ಯಾನೇಜ್‌ಮೆಂಟ್ ಸೀಟಿಗೂ ಎನ್ನಾರೈ ಸೀಟಿಗೂ ನೀಟ್ ಬೇಕು ಅಂತ ಅವನಿಗೆ ತಿಳಿಸಿ ಹೇಳೋಷ್ಟರಲ್ಲಿ ನನಗೇ ಸುಸ್ತಾಯಿತು. ಡಿಗ್ರಿ ಮುಗಿಸಿದವನು 18ರ ಹುಡುಗರ ಜೊತೆ ಮೊದಲಿಂದ ಶುರು ಮಾಡಿ, ಮುಗಿಸಿ, ಇಲ್ಲಿ ವಾಪಸ್ ಬಂದು ಮತ್ತೆ ಪರೀಕ್ಷೆ ಬರೆಯೋದು. ಆ ದಾರಿ ಅಲ್ಲಿಗೇ ಬಿಟ್ಟೆವು.

ಕಂಪನಿ ಸಿಕ್ಕಿದ್ದು ಒಂದು ವೆಬಿನಾರಿನಲ್ಲಿ. "ಜಿಪಿಎ ಕಡಿಮೆ ಇದ್ದರೂ ನಿಮ್ಮ ಕಥೆ ಗೆಲ್ಲಬಹುದು" ಅನ್ನೋ ಧಾಟಿ. ಝೂಮಿನಲ್ಲಿ ಒಬ್ಬ ಹುಡುಗ ಬಂದ, ಕೆಲಸದ ಹೆಸರು ಸ್ಟ್ರಾಟಜಿಸ್ಟ್. ನಗುನಗುತ್ತಾ ಮುಕ್ಕಾಲು ಗಂಟೆ ಮಾತಾಡಿದ. ಅಷ್ಟೂ ಹೊತ್ತು ಅವನು ಮಗನ ಟ್ರಾನ್ಸ್‌ಕ್ರಿಪ್ಟ್ ಕೇಳಲೇ ಇಲ್ಲ ಅನ್ನೋದು ನನಗೆ ಹೊಳೆದದ್ದು ಒಂದು ವರ್ಷ ಆದ ಮೇಲೆ. ಬೆಲೆ ಹೇಳಿದ, ಕಂತು ಮಾಡಿಕೊಡುತ್ತೇನೆ ಅಂದ, ನಾವು 2022ರ ಜನವರಿಯಲ್ಲಿ ಸಹಿ ಹಾಕಿದೆವು. ಪ್ಯಾಕೇಜಿನಲ್ಲಿ ಕಾಲೇಜುಗಳ ಪಟ್ಟಿ, ಪ್ರಬಂಧ ಎಷ್ಟು ಸಲ ಬೇಕಾದರೂ ತಿದ್ದುವುದು, ಒಂದಿಷ್ಟು ಸೆಕೆಂಡರಿ ಪ್ರಬಂಧ (ಮೊದಲ ಅರ್ಜಿ ಆದ ಮೇಲೆ ಒಂದೊಂದು ಕಾಲೇಜೂ ಬೇರೆಯಾಗಿ ಕೇಳುವುದು), ಎರಡು ಅಣಕು ಇಂಟರ್ವ್ಯೂ.

ಒಳ್ಳೆಯದನ್ನು ಮೊದಲು ಹೇಳಬೇಕು. ಅರ್ಜಿಯಲ್ಲಿ ನೀವು ಮಾಡಿದ ಕೆಲಸಗಳ ಭಾಗ ಇರುತ್ತದೆ. ಎಂಡಿ ಕಾಲೇಜುಗಳ ಕಾಮನ್ ಅರ್ಜಿ ಆ್ಯಮ್‌ಕ್ಯಾಸ್, ಅದರಲ್ಲಿ ಹೆಚ್ಚೆಂದರೆ 15 ಕೆಲಸ, ಒಂದೊಂದಕ್ಕೆ 700 ಅಕ್ಷರ. ಮಗ ಬರೆದದ್ದು ಬಯೋಡೇಟಾ ಥರ ಇತ್ತು. ಅಲ್ಲಿ ಒಬ್ಬ ಹುಡುಗಿ ಕೂತು ಅವನಿಂದ ನಿಜವಾಗಿ ಏನು ನೋಡಿದೆ, ಏನು ಮಾಡಿದೆ ಅಂತ ಕೆದಕಿ ಕೆದಕಿ ಹೊರಗೆ ತೆಗೆದಳು. ಚೆನ್ನಾಗಿ ಮಾಡಿದಳು. ಮೂರು ವರ್ಷ ಆದ ಮೇಲೂ ಆ ಭಾಗವನ್ನು ಹೆಚ್ಚು ಕಡಿಮೆ ಹಾಗೇ ಇಟ್ಟುಕೊಂಡೆವು. ದಿನಾಂಕಗಳನ್ನೂ ಸರಿಯಾಗಿ ಜ್ಞಾಪಿಸುತ್ತಿದ್ದರು.

ಉಳಿದದ್ದು ಹೀಗೆ. ಆರ್ಗ್ಯಾನಿಕ್ ಮತ್ತೆ ತಗೊಂಡು ಎ ತೆಗಿ, ಡಿಓ ಕಾಲೇಜುಗಳಿಗೆ (ಎಂಡಿ ಅಲ್ಲದೆ ಇಲ್ಲಿ ಡಾಕ್ಟರ್ ಆಗುವ ಇನ್ನೊಂದು ದಾರಿ) ಹಳೆ ಗ್ರೇಡ್ ಅಳಿಸಿ ಹೊಸದು ಕೂರುತ್ತೆ ಅಂದ ಆ ಸ್ಟ್ರಾಟಜಿಸ್ಟ್. ಮಗ ಸ್ಕ್ರೈಬ್ ಕೆಲಸದ ಮಧ್ಯೆ ಕಮ್ಯುನಿಟಿ ಕಾಲೇಜಿಗೆ ಹೋಗಿ ಎ ತಂದ. ಆಮೇಲೆ ನೋಡಿದರೆ ಆ ನಿಯಮ 2017ರಲ್ಲೇ ಹೋಗಿದೆ! ಎಂಡಿಯಲ್ಲಂತೂ ಎರಡೂ ಗ್ರೇಡು ಲೆಕ್ಕಕ್ಕೆ ಬರುತ್ತದೆ. ಆ ಎ ಕೂಡ ಸೇರಿಯೇ 2.97 ಅನ್ನಿ. ಐದು ವರ್ಷ ಹಳೆಯ ನಿಯಮವನ್ನು 7,200 ಡಾಲರ್ ತಗೊಂಡು ಹೇಳುತ್ತಾರೆ ಅಂದರೆ ಏನು ಹೇಳೋಣ.

ಆಮೇಲೆ ಪಟ್ಟಿ. 28 ಕಾಲೇಜು. ನೋಡಿದಾಗ ಭಾರಿ ಕೆಲಸ ಮಾಡಿದ ಹಾಗೆ ಕಾಣಿಸಿತು. ಅದರಲ್ಲಿ ಎಷ್ಟೋ ಬೇರೆ ರಾಜ್ಯಗಳ ಸರ್ಕಾರಿ ಕಾಲೇಜುಗಳು, ತಮ್ಮ ರಾಜ್ಯದವರನ್ನೇ ಮೊದಲು ತಗೊಳ್ಳುವಂಥವು. ನಾವಿರೋದು ಟೆಕ್ಸಾಸಿನಲ್ಲಿ. ಇಲ್ಲಿನ ಸರ್ಕಾರಿ ಮೆಡಿಕಲ್ ಕಾಲೇಜುಗಳಲ್ಲಿ 90% ಸೀಟು ಟೆಕ್ಸಾಸಿನವರಿಗೇ, ಫೀಸೂ ಹೊರಗಿನ ಖಾಸಗಿ ಕಾಲೇಜುಗಳ ಅರ್ಧಕ್ಕಿಂತ ಕಡಿಮೆ, ಅದಕ್ಕೆ ಬೇರೆಯದೇ ಅರ್ಜಿ ಇದೆ, ಟಿಎಂಡಿಎಸ್ಎಎಸ್ ಅಂತ, ಎಷ್ಟು ಕಾಲೇಜಿಗೆ ಹಾಕಿದರೂ ಒಂದೇ ಫೀ. ಟೆಕ್ಸಾಸಿನ ಹುಡುಗನಿಗೆ ಇದಕ್ಕಿಂತ ದೊಡ್ಡ ಅನುಕೂಲ ಇನ್ನೊಂದಿಲ್ಲ, ಅಲ್ವಾ? ಅದು ನಿಮ್ಮ ಪ್ಯಾಕೇಜಿನಲ್ಲಿ ಬರಲ್ಲ, ಇನ್ನೂ 1,500 ಆಗುತ್ತೆ ಅಂದರು. ನಾವೇ ತುಂಬಿಕೊಳ್ಳುತ್ತೇವೆ ಅಂತ ಹೊರಟು ಸೆಪ್ಟೆಂಬರಿಗೆ ಮುಟ್ಟಿಸಿದೆವು. ಅರ್ಜಿ ಮೇ ತಿಂಗಳಲ್ಲೇ ತೆರೆದಿರುತ್ತದೆ, ಬಂದಂತೆ ಬಂದಂತೆ ನೋಡುತ್ತಾ ಇಂಟರ್ವ್ಯೂ ಕರೆ ಕಳಿಸುತ್ತಿರುತ್ತಾರೆ. ಸೆಪ್ಟೆಂಬರ್ ಅಂದರೆ ಮದುವೆ ಊಟಕ್ಕೆ ಕೊನೇ ಪಂಕ್ತಿಯಲ್ಲಿ ಕೂತ ಹಾಗೆ.

ಇನ್ನು ಪ್ರಬಂಧ. 5,300 ಅಕ್ಷರ. ಮಗ ನಮ್ಮ ಅತ್ತೆಯ ಸಕ್ಕರೆ ಕಾಯಿಲೆ ಬಗ್ಗೆ ಒಂದು ಪ್ಯಾರಾ ಬರೆದಿದ್ದ, ಒಂದು ಬೆರಳು ತೆಗೆಯಬೇಕಾಗಿ ಬಂದದ್ದು, ರಜೆಗೆ ಹೋದಾಗ ಅವನು ಡ್ರೆಸ್ಸಿಂಗ್ ಮಾಡಿದ್ದು. ತಿದ್ದಿ ತಿದ್ದಿ ನಾಲ್ಕನೇ ಸಲ ವಾಪಸ್ ಬಂದಾಗ ಮಗ ಲ್ಯಾಪ್‌ಟಾಪ್ ಹಿಡಿದುಕೊಂಡು ಅಡುಗೆಮನೆಗೆ ಬಂದ. "ಅಮ್ಮಾ, ಇದ್ರಲ್ಲಿ ಅಜ್ಜಿ ತೀರಿಕೊಂಡಿದಾರೆ." ಅವತ್ತು ಬೆಳಗ್ಗೆ ತಾನೇ ಅತ್ತೆ ವಿಡಿಯೋ ಕಾಲಿನಲ್ಲಿ ನನ್ನ ಕೂದಲು ಉದುರಿದ್ದರ ಬಗ್ಗೆ ಹತ್ತು ನಿಮಿಷ ಮಾತಾಡಿದ್ದರು. ಅದನ್ನು ಸರಿ ಮಾಡಿಸಿದೆವು. ಆದರೂ ಒಟ್ಟು ಪ್ರಬಂಧ ಯಾರದೋ ಮದುವೆ ಆಲ್ಬಮ್ ಥರ ಆಗಿತ್ತು. ಎಲ್ಲಾ ನುಣ್ಣಗೆ, ಹುಡುಗ ಮಾತ್ರ ಗುರುತು ಸಿಗುತ್ತಿಲ್ಲ.

ಫಲಿತಾಂಶ: 28 ಕಾಲೇಜು, ಟೆಕ್ಸಾಸಿನವು ಬೇರೆ, ಒಂದು ಇಂಟರ್ವ್ಯೂ ಕರೆಯೂ ಇಲ್ಲ. ಅರ್ಧ ಕಾಲೇಜು ಇಲ್ಲ ಅಂತಲೂ ಹೇಳಲಿಲ್ಲ, ಸುಮ್ನೆ ಉಳಿದವು. ಎಂಕ್ಯಾಟ್ 506 ಇತ್ತು. 472ರಿಂದ 528ರವರೆಗೆ ಅಂಕ ಕೊಡುವ ಪರೀಕ್ಷೆ ಅದು. 506 ಕೆಟ್ಟದ್ದಲ್ಲ, ಆದರೆ 2.97 ಪಕ್ಕದಲ್ಲಿ ಕೂತರೆ ಸಾಲದು. ಪ್ಯಾಕೇಜ್ ಬಿಟ್ಟು ಬರೀ ಅರ್ಜಿ ಫೀಸೇ 3,000 ದಾಟಿತ್ತು. ಆ್ಯಮ್‌ಕ್ಯಾಸ್‌ನಲ್ಲಿ ಮೊದಲ ಕಾಲೇಜಿಗೆ ಸುಮಾರು 175 ಡಾಲರ್, ಆಮೇಲೆ ಒಂದೊಂದಕ್ಕೂ 40ರ ಮೇಲೆ, ಸೆಕೆಂಡರಿ ಬಂದಾಗ ಕಾಲೇಜಿನವರು ಬೇರೆ ಫೀ ಕೇಳುತ್ತಾರೆ. ಅಣಕು ಇಂಟರ್ವ್ಯೂ ಎರಡೂ ಹಾಗೇ ಉಳಿದವು, ನಿಜವಾದದ್ದೇ ಬರಲಿಲ್ಲವಲ್ಲ. ಅದರ ದುಡ್ಡಾದರೂ ಕೊಡಿ ಅಂದರೆ ಮುಂದಿನ ವರ್ಷದ ಪ್ಯಾಕೇಜಿಗೆ ವಜಾ ಮಾಡಿಕೊಳ್ಳುತ್ತೇವೆ ಅಂದರು. ಕೊನೆಗೆ ಅದೇ ಸ್ಟ್ರಾಟಜಿಸ್ಟ್ ಕೆರಿಬಿಯನ್ ಕಾಲೇಜು ನೋಡಬಹುದು ಅಂದ. ಹೊರದೇಶದಲ್ಲಿ ಓದಿ ಬಂದ ಅಮೆರಿಕದ ನಾಗರಿಕರಿಗೆ 2024ರಲ್ಲಿ ಮೊದಲ ವರ್ಷದ ರೆಸಿಡೆನ್ಸಿ (ಮೆಡಿಕಲ್ ಡಿಗ್ರಿ ಆದ ಮೇಲೆ ಆಸ್ಪತ್ರೆಯಲ್ಲಿ ಮಾಡುವ ತರಬೇತಿ) ಸಿಕ್ಕಿದ್ದು 67%. ಇಲ್ಲಿನ ಡಿಓ ಕಾಲೇಜುಗಳ ಕೊನೆ ವರ್ಷದವರಿಗೆ 92.3%. ಸಾಲ ಮಾತ್ರ ಅಲ್ಲೂ ಅಷ್ಟೇ ಆಗುತ್ತದೆ.

ಮೇಡಂ ಸಿಕ್ಕಿದ್ದು 2023ರ ಫೆಬ್ರವರಿಯಲ್ಲಿ, ಮಗ ಕೆಲಸ ಮಾಡುವ ಆಸ್ಪತ್ರೆಯ ಒಬ್ಬರು ಹೇಳಿ. ಹಿಂದೆ ಒಂದು ಮೆಡಿಕಲ್ ಕಾಲೇಜಿನ ಅಡ್ಮಿಷನ್ ಕಮಿಟಿಯಲ್ಲಿ ಇದ್ದವರು. ಇವರದು ವೆಬ್‌ಸೈಟೂ ಇಲ್ಲ. ಓದಿದ ಎಲ್ಲಾ ಕಡೆಯ ಟ್ರಾನ್ಸ್‌ಕ್ರಿಪ್ಟ್ ಕಳಿಸುವವರೆಗೆ ಟೈಮ್ ಕೊಡುವುದಿಲ್ಲ ಅಂದರು. ಬೇಸಿಗೆಯಲ್ಲಿ ತಗೊಂಡ ಒಂದು ಕೋರ್ಸಿನದ್ದು ಬಿಟ್ಟುಹೋಗಿತ್ತು, ಅದಕ್ಕೂ ಕಾದರು. ಮೊದಲ ಗಂಟೆಯಲ್ಲಿ ಪ್ರಬಂಧದ ಸುದ್ದಿಯೇ ಇಲ್ಲ. ಒಂದು ಹಾಳೆಯಲ್ಲಿ ಸೆಮಿಸ್ಟರ್ ಸೆಮಿಸ್ಟರಾಗಿ ಗ್ರೇಡು ಬರೆದು ಕ್ಯಾಮೆರಾಗೆ ಹಿಡಿದರು. "ಪ್ರಬಂಧ ಚೆನ್ನಾಗೇ ಇದೆಯಪ್ಪಾ. ಅದನ್ನ ಓದೋವರೆಗೂ ಯಾರೂ ಬಂದೇ ಇಲ್ಲ" ಅನ್ನೋ ಅರ್ಥದಲ್ಲಿ ಏನೋ ಹೇಳಿದರು. ಎಷ್ಟೋ ಕಾಲೇಜುಗಳಲ್ಲಿ 3.0 ಕೆಳಗಿದ್ದರೆ ಅರ್ಜಿ ಮನುಷ್ಯರ ಕೈಗೆ ಹೋಗುವುದೇ ಕಷ್ಟ. ಆಮೇಲೆ ಎಎಎಂಸಿಯವರ (ಇಲ್ಲಿನ ಮೆಡಿಕಲ್ ಕಾಲೇಜುಗಳ ಸಂಘ) ಎ-23 ಅನ್ನೋ ಕೋಷ್ಟಕ ತೆರೆದರು. ಜಿಪಿಎ ಒಂದು ಕಡೆ, ಎಂಕ್ಯಾಟ್ ಇನ್ನೊಂದು ಕಡೆ, ಮಧ್ಯೆ ಎಷ್ಟು ಜನ ಹಾಕಿದರು, ಎಷ್ಟು ಜನರಿಗೆ ಸಿಕ್ಕಿತು. 2.80ರಿಂದ 2.99 ಅಂತಲೇ ಒಂದು ಸಾಲಿದೆ. ಯಾರು ಬೇಕಾದರೂ ಪುಕ್ಕಟೆ ನೋಡಬಹುದು. ಆ ಸಾಲನ್ನು ಕಂಪನಿಯವರು ಒಂದು ದಿನವೂ ನಮಗೆ ತೋರಿಸಿರಲಿಲ್ಲ.

ಅವರ ಸಲಹೆ ಒಂದೇ ಮಾತು, ಈ ವರ್ಷ ಹಾಕಬೇಡ, ಮುಂದಿನ ವರ್ಷವೂ ಬೇಡ. ಇದನ್ನು ಹೇಳಿದರೆ ಅವರಿಗೆ ಎರಡು ವರ್ಷ ಗಿರಾಕಿ ಇಲ್ಲ. ನಾನು ಅವರನ್ನು ನಂಬಿದ್ದು ಅಲ್ಲಿಗೆ.

ಲೆಕ್ಕ ಅವರು ಹಾಕಿ ತೋರಿಸಿದ್ದು ಹೀಗೆ. 120 ಕ್ರೆಡಿಟ್‌ನಲ್ಲಿ 2.97. ಈಗ 36 ಕ್ರೆಡಿಟ್ ಸೈನ್ಸ್ ತಗೊಂಡು ಎಲ್ಲದರಲ್ಲೂ ಎ ಬಂದರೂ ಒಟ್ಟು 3.21. ಅಷ್ಟೇ. ಮಗನ ಮುಖ ನೋಡೋಕಾಗಲಿಲ್ಲ. ಎರಡು ವರ್ಷ ದುಡಿದು ಕಾಲು ಅಂಕ! ಆದರೆ ಕಮಿಟಿಯಲ್ಲಿ ಕೂತವರು ಕೊನೆಯ ಸಾಲುಗಳನ್ನು ನೋಡುತ್ತಾರೆ, 19ನೇ ವಯಸ್ಸಿನಲ್ಲಿ ಡಿ ತೆಗೆದವನು 25ರಲ್ಲಿ ಬಯೋಕೆಮಿಸ್ಟ್ರಿ, ಫಿಸಿಯಾಲಜಿ, ಜೆನೆಟಿಕ್ಸ್ ಒಟ್ಟಿಗೆ ತಗೊಂಡು ನಿಭಾಯಿಸಿದ್ದಾನಾ ಅಂತ. ಅದಕ್ಕೇ ಒಂದು ಸೆಮಿಸ್ಟರಿಗೆ ಒಂದೊಂದೇ ಕೋರ್ಸ್ ತಗೊಂಡು ಜಾಣತನ ಮಾಡಬೇಡ, 12 ಕ್ರೆಡಿಟ್ ಒಟ್ಟಿಗೆ ತಗೋ ಅಂದರು. ನಾವು ಒಂದು ವರ್ಷದ ಸ್ಪೆಷಲ್ ಮಾಸ್ಟರ್ಸ್ ಬಗ್ಗೆ ಕೇಳಿದೆವು. ಜಾರ್ಜ್‌ಟೌನ್ ಯೂನಿವರ್ಸಿಟಿ ಥರದ ಕಡೆ ಇದೆ, ಮೆಡಿಕಲ್ ವಿದ್ಯಾರ್ಥಿಗಳು ಓದುವ ವಿಷಯಗಳನ್ನೇ ಓದಿಸುತ್ತಾರೆ. ಆದರೆ ಮಾಸ್ಟರ್ಸ್ ಗ್ರೇಡು ಡಿಗ್ರಿಯ ಜಿಪಿಎಗೆ ಸೇರುವುದಿಲ್ಲ, ಪ್ರತ್ಯೇಕ ಕಾಲಂ. ಖರ್ಚು ಹತ್ತಾರು ಸಾವಿರ ಡಾಲರ್. ಅಲ್ಲೂ ಬಿ, ಸಿ ಬಂದರೆ ಆಮೇಲೆ ಹೇಳಿಕೊಳ್ಳೋದಕ್ಕೆ ಏನೂ ಉಳಿಯಲ್ಲ. 3.0 ದಾಟದವನು ಮೊದಲು ಡಿಗ್ರಿ ಮಟ್ಟದ ಕೋರ್ಸಿನಲ್ಲೇ ತಾನು ಏನು ಅಂತ ನೋಡಿಕೊಳ್ಳಲಿ ಅನ್ನೋದು ಅವರ ಅಭಿಪ್ರಾಯ.

ಮನೆ ಹತ್ತಿರದ ಸರ್ಕಾರಿ ಯೂನಿವರ್ಸಿಟಿಗೆ ಸೇರಿದ. ಮೂರು ಸೆಮಿಸ್ಟರ್, 15 ಸಾವಿರದ ಹತ್ತಿರ ಫೀ, ವಾರಕ್ಕೆ 20 ಗಂಟೆ ಸ್ಕ್ರೈಬ್ ಕೆಲಸ ಹಾಗೇ ಮುಂದುವರೀತು. ಇಮ್ಯುನಾಲಜಿಯಲ್ಲಿ ಒಂದು ಬಿ, ಉಳಿದದ್ದೆಲ್ಲಾ ಎ. ಒಟ್ಟು 3.19.

ಎಂಕ್ಯಾಟ್ ತಯಾರಿಗೆ ಕೋಚಿಂಗ್ ಹಾಕಲಿಲ್ಲ. ಎಎಎಂಸಿಯದ್ದೇ ಪೂರ್ತಿ ಪರೀಕ್ಷೆಗಳು, ಯೂವರ್ಲ್ಡ್ ಅನ್ನೋ ಆನ್‌ಲೈನ್ ಪ್ರಶ್ನೆಗಳು, ಓದಿದ್ದನ್ನು ಮತ್ತೆ ಮತ್ತೆ ನೆನಪಿಸುವ ಆಂಕಿ ಆ್ಯಪ್‌ನ ಕಾರ್ಡು. ಆಂಕಿ ಕಂಪ್ಯೂಟರಿನಲ್ಲಿ ಪುಕ್ಕಟೆ, ಐಫೋನಿಗೆ ಮಾತ್ರ 25 ಡಾಲರ್, ಅದಕ್ಕೂ ಅವನು ಒಂದು ವಾರ ಯೋಚನೆ ಮಾಡಿದ, ಅಪ್ಪನ ಮಗನೇ. ಯೂವರ್ಲ್ಡ್ ದುಬಾರಿ, ಆದರೆ ತಪ್ಪು ಉತ್ತರ ಯಾಕೆ ತಪ್ಪು ಅಂತ ಬಿಡಿಸಿ ಹೇಳುತ್ತದೆ. ನಾವು ಕೊಟ್ಟ ದುಡ್ಡಿನಲ್ಲಿ ಪೈಸೆ ಪೈಸೆ ವಸೂಲಾಗಿದ್ದು ಇದೊಂದೇ ಇರಬೇಕು. ಪರೀಕ್ಷೆ ಬಿಡುವು ಸೇರಿ ಏಳೂವರೆ ಗಂಟೆ. ಅದೇ ಅಭ್ಯಾಸಕ್ಕೆ ಶನಿವಾರ ಬೆಳಗ್ಗೆ 8ಕ್ಕೆ ಊಟದ ಟೇಬಲ್ ಮೇಲೆ ಕೂತರೆ ಮಧ್ಯಾಹ್ನ ಮೂರೂವರೆ. ಅಲ್ಲಿಯವರೆಗೆ ಕುಕ್ಕರ್ ಕೂಗಿಸೋ ಹಾಗಿಲ್ಲ, ಮಿಕ್ಸಿ ಹಾಕೋ ಹಾಗಿಲ್ಲ. ಒಗ್ಗರಣೆ ಕೂಡ ಗ್ಯಾರೇಜಿನ ಒಲೆಯಲ್ಲಿ. ಎಂಟು ಶನಿವಾರ ನಾವು ಶುಕ್ರವಾರದ ಸಾರನ್ನೇ ಉಂಡಿದ್ದೇವೆ. 2025ರಲ್ಲಿ ಬರೆದ, 513 ಬಂತು.

ಇನ್ನೊಂದು ಒಳ್ಳೆಯ ಖರ್ಚು ಎಂಎಸ್ಎಆರ್, ಎಎಎಂಸಿಯದೇ. ವರ್ಷಕ್ಕೆ ಮೂವತ್ತು ಚಿಲ್ಲರೆ ಡಾಲರಿಗೆ ಯಾವ ಎಂಡಿ ಕಾಲೇಜು ಹೊರರಾಜ್ಯದವರನ್ನು ಎಷ್ಟು ತಗೊಳ್ಳುತ್ತದೆ, ಸೇರಿದವರ ಜಿಪಿಎ ಎಲ್ಲಿಂದ ಎಲ್ಲಿಯವರೆಗೆ, ಎಲ್ಲಾ ಇದೆ. ನಮ್ಮ 28ರ ಪಟ್ಟಿಯನ್ನು ಅದರಲ್ಲಿ ಹಾಕಿ ನೋಡಿದರೆ ಒಂದು ಸಂಜೆಯಲ್ಲಿ 19 ಹೊಡೆದುಹೋಯಿತು. ಎಚ್4 (ಕೆಲಸದ ವೀಸಾದವರ ಮನೆಯವರಿಗೆ ಕೊಡುವ ವೀಸಾ) ಮೇಲಿರುವ ಮಕ್ಕಳ ಅಪ್ಪ ಅಮ್ಮಂದಿರು ಇದನ್ನು ಎಲ್ಲಕ್ಕಿಂತ ಮೊದಲು ನೋಡಿ, ಎಷ್ಟೋ ಕಾಲೇಜು ನಾಗರಿಕರು ಮತ್ತು ಗ್ರೀನ್ ಕಾರ್ಡ್ ಇರುವವರನ್ನು ಬಿಟ್ಟು ಬೇರೆಯವರ ಅರ್ಜಿಯನ್ನೇ ತಗೊಳ್ಳುವುದಿಲ್ಲ. ನಮಗೆ ಅಷ್ಟರಲ್ಲಿ ಗ್ರೀನ್ ಕಾರ್ಡ್ ಬಂದಿತ್ತು.

ಎರಡನೇ ಸಲದ ಅರ್ಜಿ 2025ರ ಮೇನಲ್ಲೇ ಹೋಯಿತು. ಟೆಕ್ಸಾಸಿನ ಅರ್ಜಿ ಮೊದಲು, ಆಮೇಲೆ ನಾಲ್ಕು ಎಂಡಿ, ಎಂಟು ಡಿಓ. ಪ್ರಬಂಧ ಮಗನೇ ಹೊಸದಾಗಿ ಬರೆದ. ಅಜ್ಜಿ ಇದ್ದಾರೆ, ಬದುಕಿದ್ದಾರೆ. ಮೇಡಂ ಎರಡು ಕಡೆ ಗೆರೆ ಎಳೆದು "ಇಲ್ಲಿ ಸುಳ್ಳು ಕೇಳಿಸ್ತಿದೆ" ಅಂತ ಬರೆದು ಕಳಿಸಿದರು, ಅಷ್ಟೇ ತಿದ್ದುಪಡಿ. ಗ್ರೇಡ್ ಬಗ್ಗೆ ಕೇಳುವ ಪ್ರಶ್ನೆಗೆ ಮೂರು ವಾಕ್ಯ ಸಾಕು ಅಂದರು. ಏನಾಯಿತು, ಏನು ಬದಲಾಯಿಸಿದೆ, ಈಗ ಗ್ರೇಡು ಏನು. ರೂಮ್‌ಮೇಟ್, ಪ್ರೊಫೆಸರು, ಯಾರ ಮೇಲೂ ಹಾಕೋ ಹಾಗಿಲ್ಲ. ಮಗ ಮೊದಲು ಬರೆದದ್ದು ಎರಡು ಪುಟ ಇತ್ತು. ಅದನ್ನು ಮೂರು ವಾಕ್ಯಕ್ಕೆ ಇಳಿಸೋದಕ್ಕೆ ಅವನಿಗೆ ಒಂದು ವಾರ ಹಿಡಿಯಿತು, ಪಾಪ. ಕೊನೆಗೆ ಉಳಿದದ್ದರಲ್ಲಿ "ನಾನು ಓದಲಿಲ್ಲ" ಅಂತಲೇ ಇತ್ತು. ಇಂಟರ್ವ್ಯೂನಲ್ಲೂ ಅದನ್ನೇ ಹೇಳಿದನಂತೆ, ಎದುರಿಗಿದ್ದವರು ತಲೆ ಆಡಿಸಿ ಮುಂದಿನ ಪ್ರಶ್ನೆಗೆ ಹೋದರಂತೆ.

ಮೂರು ಇಂಟರ್ವ್ಯೂ ಬಂತು. ಒಂದು ಎಂಡಿ ಕಾಲೇಜು ವೇಟ್‌ಲಿಸ್ಟ್, ಇನ್ನೊಂದು ಇಲ್ಲ ಅಂತು, ಟೆಕ್ಸಾಸಿನದೇ ಒಂದು ಡಿಓ ಕಾಲೇಜು ಸೀಟು ಕೊಟ್ಟಿತು. ಊರಿಗೆ ಫೋನ್ ಮಾಡಿ ಹೇಳಿದರೆ ಅಣ್ಣ "ಡಿಓ ಅಂದ್ರೆ? ಎಲ್ಐಸಿಲಿ ಇರ್ತಾರಲ್ಲ ಅವ್ರಾ?" ಅಂದ. ಆಸ್ಟಿಯೋಪತಿ, 1892ರಲ್ಲಿ ಮಿಸೌರಿಯ ಕರ್ಕ್ಸ್‌ವಿಲ್‌ನಲ್ಲಿ ಮೊದಲ ಕಾಲೇಜು ಶುರುವಾಗಿದ್ದು, ಇಲ್ಲಿ ಎಂಡಿಯ ಹಾಗೇ ಔಷಧಿ ಬರೆಯಬಹುದು, ಆಪರೇಷನ್ ಮಾಡಬಹುದು, 2020ರಿಂದ ರೆಸಿಡೆನ್ಸಿಯೂ ಎರಡಕ್ಕೂ ಒಂದೇ ವ್ಯವಸ್ಥೆಯಲ್ಲಿದೆ ಅಂತ ವಿವರಿಸಿದೆ. ಅಷ್ಟು ಕೇಳಿ "ಅಂದ್ರೆ ಡಾಕ್ಟರೇ ತಾನೆ?" ಅಂದ. ಡಾಕ್ಟರೇ ಅಂದೆ. ಸರಿ ಬಿಡು ಅಂದ.

ಮೇಡಂಗೆ ಒಟ್ಟು ಕೊಟ್ಟಿದ್ದು 7 ಗಂಟೆಗೆ 1,400 ಡಾಲರ್. ಅವರಿಗೆ 5ಕ್ಕೆ 4 ಸ್ಟಾರ್. ಒಂದು ಕಳೆದದ್ದು ಯಾಕೆಂದರೆ ಮೇಲ್‌ಗೆ ಉತ್ತರ ಕೊಡೋದಕ್ಕೆ ಒಂದೊಂದು ಸಲ ಹತ್ತು ದಿನ ಮಾಡುತ್ತಿದ್ದರು, ಜುಲೈನಲ್ಲಿ ಸೆಕೆಂಡರಿಗಳು ಒಟ್ಟೊಟ್ಟಿಗೆ ಬರುವಾಗ ಆ ಹತ್ತು ದಿನ ನರಕ. ಕಂಪನಿಗೆ 2, ಎರಡೂ ಆ ಹುಡುಗಿಯ ಲೆಕ್ಕಕ್ಕೆ. ನಿಮ್ಮ ಮಗುವಿನ ಜಿಪಿಎ 3.7 ಇದ್ದು, ಬರೀ ಬರೆಯೋದಕ್ಕೆ ಬರಲ್ಲ ಅನ್ನೋ ಪರಿಸ್ಥಿತಿಯಾದರೆ ಅಂಥ ಕಂಪನಿ ಬೇಕಾಗಬಹುದು. ನಮಗೆ ಆಗಬೇಕಿದ್ದ ಕೆಲಸ ಬೇರೆ.

ಮೇಡಂ ನಂಬರ್ ಕೇಳಬೇಡಿ, ಹೊಸಬರನ್ನು ತಗೊಳ್ಳುತ್ತಿಲ್ಲ. ನೀವೇ ಹುಡುಕುವಾಗ ಬೆಲೆ ಹೇಳುವ ಮುಂಚೆ ಟ್ರಾನ್ಸ್‌ಕ್ರಿಪ್ಟ್ ಕೇಳುತ್ತಾರಾ ನೋಡಿ. ಆಮೇಲೆ, ಯಾರಿಗಾದರೂ ಈ ವರ್ಷ ಹಾಕಬೇಡ ಅಂತ ಹೇಳಿದ್ದೀರಾ ಅಂತ ಕೇಳಿ. ಟೆಕ್ಸಾಸಿನವರಾದರೆ ಟಿಎಂಡಿಎಸ್ಎಎಸ್‌ಗೆ ಬೇರೆ ಚಾರ್ಜಾ ಅಂತಲೂ ಕೇಳಿ.